ಅಂಚಿನ ಮೇಲಿದ್ದ ಹೆಸರು

14 ಜೂನ್ 1984

ಬೇಕರಿಯ ಮಾಲೀಕರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ನನ್ನದೊಂದು ವಾಚ್ ರಿಪೇರಿ ಅಂಗಡಿ. ಯಜಮಾನರು ಹೋದ ಮೇಲೆ ನಾನೇ ನಡೆಸಿಕೊಂಡು ಬರುತ್ತಿದ್ದೇನೆ. ಆದರೆ ಈ ಕಾಗದ ಅಂಗಡಿಯ ವಿಷಯಕ್ಕಲ್ಲ.

ನಮ್ಮ ಅಪ್ಪ ಬಿಳಿ ದೊರೆಗಳ ಕಾಲದಲ್ಲಿ ಸೈನ್ಯ ಸೇರಿದವರು. ದೊಡ್ಡ ಯುದ್ಧ ಮುಗಿಸಿ, ದೊರೆಗಳು ಹೊರಟುಹೋದ ಮೇಲೂ ಉಳಿದು, ಒಟ್ಟು ಇಪ್ಪತ್ತೆರಡು ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತರಾದರು. ಈ ಮಾರ್ಚಿನಲ್ಲಿ ತೀರಿಕೊಂಡರು. ಅವರ ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಅದರಲ್ಲಿ ಐದು ಪದಕಗಳಿವೆ. ನಾಲ್ಕನ್ನು ಒಂದೇ ಪಟ್ಟಿಗೆ ಸಾಲಾಗಿ ಹೊಲಿಸಿಟ್ಟುಕೊಂಡಿದ್ದರು. ಭಾನುವಾರ ಬಂತೆಂದರೆ ಕಿಟಕಿ ಹತ್ತಿರ ಕೂತು ಅವನ್ನು ಉಜ್ಜುತ್ತಿದ್ದರು. ಐದನೆಯದು ಒಂದು ಹಳೇ ಕಾಲುಚೀಲದೊಳಗೆ ಸುತ್ತಿಟ್ಟಿದ್ದರು. ಬೆಳ್ಳಿಯದು, ಉಜ್ಜದೆ ಉಜ್ಜದೆ ಬಾಣಲೆಯ ತಳದ ಹಾಗೆ ಕಪ್ಪಾಗಿತ್ತು.

ಪದಕದ ಅಂಚಿನ ಮೇಲೆ ಪಡೆದವರ ನಂಬರು, ಹೆಸರು ಕೊರೆದಿರುತ್ತಾರೆ. ಅಂಗಡಿಯಲ್ಲಿ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ನೋಡಿದೆ. ನಾಲ್ಕರ ಮೇಲೆ ಅಪ್ಪನ ಹೆಸರಿದೆ. ಐದನೆಯದರ ಮೇಲಿರುವುದು ಬೇರೆಯವರದು. ಆ ಹೆಸರನ್ನೂ ನಂಬರನ್ನೂ ಇದರ ಜೊತೆಗಿರುವ ಚೀಟಿಯಲ್ಲಿ ಬರೆದಿದ್ದೇನೆ. ಸೈನ್ಯದ ದಾಖಲೆ ಕಚೇರಿಗೆ ಎರಡು ಸಲ ಬರೆದ ಮೇಲೆ ನಿಮ್ಮ ವಿಳಾಸ ಕೊಟ್ಟರು.

ಅದು ಅಪ್ಪನ ಕೈಗೆ ಹೇಗೆ ಬಂತೋ ನನಗೆ ತಿಳಿಯದು. ನಿಮ್ಮ ಮನೆಯವರದಾಗಿದ್ದರೆ ನಿಮಗೆ ತಲುಪಿಸಬೇಕು. ಒಂದು ಸಾಲು ಬರೆದರೆ ಸಾಕು.

ಇತಿ,
ವಾಚ್ ಅಂಗಡಿಯವಳು


2 ಜುಲೈ 1984

ವಾಚ್ ಅಂಗಡಿಯವರಿಗೆ,

ಕಾಗದ ಬಂತು. ಹೆಸರು ನಮ್ಮ ಮನೇದೇ. ಮನುಷ್ಯ ಮಾತ್ರ ಮನೇಲಿಲ್ಲ. ಅವನು ನನ್ನ ತಮ್ಮ. ಯುದ್ಧದ ಹೊತ್ತಲ್ಲಿ ಸರ್ಕಾರದೋರು ಬರೆದಿದ್ರು, ಸೈನ್ಯ ಸೋತು ಹಿಂದಕ್ಕೆ ಬರೋವಾಗ ಕೋವಿ ಎಸೆದು ದಂಡು ಬಿಟ್ಟು ಓಡಿಹೋಗಿದ್ದಾನೆ ಅಂತ. ಆ ಕಾಗದ ಬಂದ ದಿನದಿಂದ ನಮ್ಮಮ್ಮ ಬೀದಿಗೆ ಕಾಲಿಡಲಿಲ್ಲ. ಎರಡು ವರ್ಷಕ್ಕೆ ಕಣ್ಣು ಮುಚ್ಚಿದಳು. ಗೋಡೆ ಮೇಲಿದ್ದ ಅವನ ಫೋಟೋ ತೆಗೆದವಳು ನಾನೇ.

ಪದಕ ಕಳಿಸಬೇಡಿ. ಓಡಿಹೋದವನಿಗೆ ಪದಕ ಯಾಕೆ, ಅವನ ಅಕ್ಕನಿಗೆ ಯಾಕೆ. ನಿಮ್ಮ ಒಳ್ಳೇತನಕ್ಕೆ ಒಂದು ನಮಸ್ಕಾರ.

ಬೇಕರಿಯವಳು

ಒಂದು ಮಾತು. ನಿಮ್ಮ ತಂದೆಗೆ ಎಷ್ಟು ವಯಸ್ಸಾಗಿತ್ತು? ಅವರ ಕಡೆ ನೆಂಟರಿಷ್ಟರು ಯಾರಿದ್ದಾರೆ? ಇಷ್ಟಕ್ಕೆ ಮಾತ್ರ ಉತ್ತರ ಬರೀರಿ.


10 ಜುಲೈ 1984

ಬೇಕರಿಯ ಅಕ್ಕನವರಿಗೆ ನಮಸ್ಕಾರ.

ಕೇಳಿದ್ದಕ್ಕೆ ಉತ್ತರ. ಅಪ್ಪನಿಗೆ ಅರವತ್ತೆಂಟು. ಅವರ ಕಡೆಯ ನೆಂಟರನ್ನು ನಾವು ಯಾರೂ ನೋಡಿಲ್ಲ. ಸಣ್ಣವರಿದ್ದಾಗಲೇ ತಂದೆತಾಯಿ ಹೋದರು, ದೂರದ ಚಿಕ್ಕಪ್ಪನೊಬ್ಬ ಸಾಕಿದ ಎಂದಷ್ಟೇ ಹೇಳುತ್ತಿದ್ದರು. ಯುದ್ಧ ಮುಗಿಯುವ ಮುಂಚೆಯೇ ರಜೆಯಲ್ಲಿ ಬಂದು ಅಮ್ಮನನ್ನು ಮದುವೆಯಾದರು. ಆಮೇಲೆ ಅಮ್ಮನ ಊರೇ ಅವರ ಊರಾಯಿತು. ಹಳೇ ಮಾತು ಎತ್ತಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಮಕ್ಕಳು ಯುದ್ಧದ ಕಥೆ ಕೇಳಿದರೆ, "ಅಡುಗೆಯವನು ಉಪ್ಪು ಹಾಕೋದು ಮರೀತಿದ್ದ, ಅಷ್ಟೇ ಕಥೆ" ಅನ್ನುತ್ತಿದ್ದರು.

ಪೆಟ್ಟಿಗೆಯಲ್ಲಿ ಪದಕಗಳಲ್ಲದೆ ಒಂದು ಕ್ಷೌರದ ಬ್ರಷ್ಷು, ನಂಬರು ಗೀಚಿದ ಚಮಚ, ನಡುವೆ ತೂತಿರುವ ಪರದೇಶದ ನಾಣ್ಯ, ಯಾವುದೋ ಬಂದರಿನ ಚಿತ್ರವಿರುವ ಖಾಲಿ ಪೋಸ್ಟ್ ಕಾರ್ಡು, ಬಿದಿರಿನ ಬಾಚಣಿಗೆ ಇವೆ. ಕಾಗದಪತ್ರ ಏನೂ ಇಲ್ಲ.

ಪದಕ ಬೇಡವೆಂದು ಬರೆದಿರಿ. ಇನ್ನೊಂದು ಸಲ ಯೋಚಿಸಿ ನೋಡಿ. ಅದು ನನ್ನ ಬಳಿ ಇರುವುದು ಸರಿಯಲ್ಲ.

ವಾಚ್ ಅಂಗಡಿಯವಳು


19 ಜುಲೈ 1984

ಅಮ್ಮಾ ಮಗಳೇ,

ನೀನು ಅಂತ ಬರೀತಿದ್ದೀನಿ, ಬೇಜಾರು ಮಾಡ್ಕೋಬೇಡ. ಯಾಕೆ ಹಾಗೆ ಬರೀತಿದ್ದೀನಿ ಅಂತ ಕೊನೆತನಕ ಓದಿದ್ರೆ ಗೊತ್ತಾಗುತ್ತೆ.

ನಿನ್ನ ಕಾಗದ ಬಂದು ನಾಲ್ಕು ದಿನ ಆಯ್ತು. ಹಿಟ್ಟು ನಾದ್ತಾ ಯೋಚನೆ ಮಾಡಿದೆ, ಬ್ರೆಡ್ಡು ಕೊಯ್ತಾ ಯೋಚನೆ ಮಾಡಿದೆ. ಒಂದು ಭಟ್ಟಿ ಬನ್ನು ಪೂರ್ತಿ ಸೀದುಹೋಯ್ತು. ಈ ಬೀದಿಯೋರು ನನ್ನನ್ನ ಬ್ರೆಡ್ಡಕ್ಕ ಅಂತಾರೆ. ಬ್ರೆಡ್ಡಕ್ಕನ ಭಟ್ಟೀಲಿ ಬನ್ನು ಸೀದದ್ದು ಯಾರೂ ಕಂಡಿಲ್ಲ.

ನನ್ನ ತಮ್ಮನಿಗೂ ನನಗೂ ಆರು ವರ್ಷ ಅಂತರ. ಅಮ್ಮ ಭಟ್ಟಿ ಮುಂದೆ ನಿಂತಿರ್ತಿದ್ದಳು, ಇವನು ನನ್ನ ಸೊಂಟದ ಮೇಲಿರ್ತಿದ್ದ. ಮಾತು ಬರೋ ಮುಂಚೆ ಸಿಳ್ಳೆ ಹಾಕೋದು ಕಲಿತ. ಅದಕ್ಕೇ ಅವನ ಹೆಸರು ಸಿಳ್ಳೆ ಅಂತಲೇ ಆಯ್ತು. ಹತ್ತೊಂಬತ್ತಕ್ಕೆ ಸೈನ್ಯಕ್ಕೆ ಸೇರಿದ. ಯಾಕೋ ಅಂದ್ರೆ "ಹಿಟ್ಟಿನ ಧೂಳಲ್ಲಿ ಮುದುಕ ಆಗೋಕೆ ನನ್ನಿಂದ ಆಗೋಲ್ಲಕ್ಕ" ಅಂದ. ಗುಡ್ಡಗಾಡಿನ ಕಾಳಗ ಮುಗಿಸಿ ರಜಕ್ಕೆ ಬಂದಾಗ ಇದೇ ಬೆಳ್ಳಿ ಪದಕ ತಂದಿದ್ದ. ಬೀದಿ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎದೆಗೆ ಸಿಕ್ಕಿಸಿಕೊಂಡು ಓಡಾಡಿದ್ರು.

ಈಗ ನೀನು ಬರೆದದ್ದನ್ನ ನೀನೇ ಓದಿ ನೋಡು. ನೆಂಟರಿಲ್ಲ. ಊರಿಲ್ಲ. ಹಳೇ ಮಾತು ಎತ್ತಿದ್ರೆ ಎದ್ದು ಹೋಗೋದು. ನಾಲ್ಕು ಪದಕ ಎಲ್ಲರಿಗೂ ಕಾಣೋ ಹಾಗೆ, ಒಂದು ಮಾತ್ರ ಕಾಲುಚೀಲದಲ್ಲಿ. ಆ ನಾಲ್ಕು ನಿನ್ನ ಅಪ್ಪಂದು, ಐದನೇದು ಬೇರೆಯೋರದು ಅಂತ ನೀನು ಅಂದ್ಕೊಂಡಿದ್ದೀಯ. ತಿರುಗಾಮುರುಗಾ ಇದ್ರೆ? ಓಡಿಹೋದವನು ಯಾರೋ ಸತ್ತವನ ಹೆಸರು ಹಾಕ್ಕೊಂಡು ಇನ್ನೊಂದು ದಂಡು ಸೇರಿಕೊಂಡಿದ್ರೆ? ಆ ನಾಲ್ಕು ಎರವಲು ಹೆಸರಿಂದು, ಐದನೇದೊಂದೇ ಅವನ ಸ್ವಂತದ್ದು ಆಗಿದ್ರೆ? ವಯಸ್ಸಲ್ಲಿ ಎರಡು ವರ್ಷ ವ್ಯತ್ಯಾಸ. ಹೆಸರು ಬದಲಾಯಿಸೋನು ವಯಸ್ಸು ಬದಲಾಯಿಸೋಲ್ವಾ?

ನಿಮ್ಮಪ್ಪನ ಎಡಗೈ ಮೇಲೆ, ಮೊಣಕೈ ಕೆಳಗೆ, ಸುಟ್ಟ ಗುರುತು ಇತ್ತಾ? ಎಂಟು ವರ್ಷದವನಾಗಿದ್ದಾಗ ಭಟ್ಟಿ ಬಾಗಿಲು ತಾಗಿಸ್ಕೊಂಡಿದ್ದ. ಎಲೆ ಆಕಾರದ್ದು.

ಇತ್ತು ಅಂದ್ರೆ ಇತ್ತು ಅಂತ ಬರಿ. ನಾನು ಯಾರ ಮೇಲೂ ಕೋಪ ಮಾಡ್ಕೊಳ್ಳೋಲ್ಲ. ಸತ್ತುಹೋಗಿದ್ರೂ ಪರವಾಗಿಲ್ಲ, ಅರವತ್ತಾರು ವರ್ಷ ಬದುಕಿದ್ದ ಅಂದ್ರೆ ಅಷ್ಟೇ ಸಾಕು. ಈ ಕಟ್ಟಡದ ಮಾಲೀಕರು ಎಷ್ಟು ಸಲ ಬೇರೆ ಕಡೆ ಜಾಗ ಕೊಡ್ತೀವಿ ಅಂದ್ರೂ ನಾನು ಬಿಟ್ಟು ಹೋಗಲಿಲ್ಲ. ಅವನಿಗೆ ಗೊತ್ತಿರೋ ವಿಳಾಸ ಇದೊಂದೇ.

ನೀನು ನನ್ನ ಸೊಸೆಯೋ ಮಗಳೋ ಏನಾಗ್ಬೇಕು ಅಂತ ಲೆಕ್ಕ ಹಾಕ್ತಾ ಕೂತಿದ್ದೀನಿ.

ನಿನ್ನ
ಬ್ರೆಡ್ಡಕ್ಕ


22 ಆಗಸ್ಟ್ 1984

ಬ್ರೆಡ್ಡಕ್ಕನವರಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು.

ಇಲ್ಲ. ನಮ್ಮಪ್ಪನ ಕೈ ಮೇಲೆ ಸುಟ್ಟ ಗುರುತು ಇರಲಿಲ್ಲ. ಕೊನೆಯ ತಿಂಗಳು ಅವರ ಮೈ ಒರೆಸಿದವಳು ನಾನೇ. ಅವರು ನಿಮ್ಮ ತಮ್ಮ ಅಲ್ಲ. ಅವರ ಹೆಸರು ಅವರದೇ. ದಾಖಲೆ ಕಚೇರಿಯಲ್ಲಿ ಇಬ್ಬರದೂ ಬೇರೆ ಬೇರೆ ಪುಟ ಇದೆ. ಇಬ್ಬರೂ ಒಂದೇ ತುಕಡಿಯಲ್ಲಿದ್ದರೆಂದು ಮಾತ್ರ ತಿಳಿಯಿತು. ಹಿಂದಕ್ಕೆ ಬರುವ ಗಡಿಬಿಡಿಯಲ್ಲಿ ಎಲ್ಲೋ ಬಿದ್ದದ್ದನ್ನು ಅಪ್ಪ ಎತ್ತಿಟ್ಟುಕೊಂಡಿರಬಹುದು.

ಪದಕವನ್ನು ರಿಜಿಸ್ಟರ್ಡ್ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ನೀವು ಬೇಡವೆಂದಿದ್ದಿರಿ, ಆದರೂ ಕಳಿಸಿದೆ. ಅಂಚಿನ ಹೆಸರು ಕಾಣುವಷ್ಟು ಮಾತ್ರ ಉಜ್ಜಿದ್ದೇನೆ.

ನಿಮಗೆ ನಿರಾಸೆ ಮಾಡಿದ್ದಕ್ಕೆ ಮನಸ್ಸಿಗೆ ತುಂಬಾ ಕಷ್ಟವಾಗಿದೆ.

ವಾಚ್ ಅಂಗಡಿಯವಳು


3 ಸೆಪ್ಟೆಂಬರ್ 1984

ಮಗಳೇ,

ಪಾರ್ಸೆಲ್ ಬಂತು. ಅಂಚೆಯೋನ ಮುಂದೆಯೇ ಬಿಚ್ಚಿದೆ. ಬೇಡ ಅಂದಿದ್ದವಳು ಕೈಗೆ ಬಂದ ಮೇಲೆ ಮುಷ್ಟಿ ಬಿಚ್ಚಲೇ ಇಲ್ಲ ನೋಡು.

ನಿರಾಸೆ ಆಗಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಒಂದು ವಾರ ಕಳೆದ ಮೇಲೆ ನನಗೆ ಬೇರೆ ದಾರಿ ಹೊಳೀತು. ನಿಮ್ಮಪ್ಪ ಎತ್ತರದ ಆಳಾ? ಕತ್ತು ಮುಂದಕ್ಕೆ ಬಾಗಿಸಿ ನಡೀತಿದ್ದರಾ? ಯಾಕೆ ಕೇಳ್ತೀನಿ ಅಂದ್ರೆ, ತಮ್ಮ ಬರೀತಿದ್ದ ಕಾಗದದಲ್ಲೆಲ್ಲ ಒಬ್ಬ ಸ್ನೇಹಿತನ ಮಾತು ಬರ್ತಿತ್ತು. ಲಾಟೀನು ಅಂತ. ಉದ್ದಕ್ಕೆ, ತಲೆ ಬಗ್ಗಿಸ್ಕೊಂಡು, ನೇತುಹಾಕಿದ ಲಾಟೀನಿನ ಹಾಗೆ ಇರ್ತಾನೆ ಅಂತ ಆ ಹೆಸರು ಇಟ್ಟಿದ್ದು ಇವನೇ. ಕೊನೇ ಕಾಗದದಲ್ಲಿ ಹೀಗೆ ಬರೆದಿದ್ದ: "ಅಕ್ಕ, ನೀನು ಹೆದರಬೇಡ. ಲಾಟೀನು ಜೊತೇಲಿದ್ದಾನೆ. ನನ್ನ ಕಾಲು ಸೋತ್ರೆ ಹೊತ್ಕೊಂಡಾದ್ರೂ ಕರ್ಕೊಂಡು ಬರ್ತಾನೆ."

ನಿಮ್ಮಪ್ಪನೇ ಆ ಲಾಟೀನು ಅಂತ ನನ್ನ ಮನಸ್ಸು ಹೇಳ್ತಿದೆ. ಓಡಿಹೋಗೋ ಮುಂಚೆ ಇವನೇ ಪದಕ ಅವರ ಕೈಗೆ ಕೊಟ್ಟಿರಬೇಕು. ಅವರು ಗೆಳೆಯನ ಗುಟ್ಟು ಕಾಪಾಡೋಕೆ ನಲವತ್ತೆರಡು ವರ್ಷ ಬಾಯಿ ಬಿಡಲಿಲ್ಲ. ಚಿನ್ನದಂಥ ಮನುಷ್ಯ! ನಿಮ್ಮಪ್ಪನ ಒಂದು ಫೋಟೋ ಕಳಿಸು. ತಮ್ಮನ ಫೋಟೋ ಮತ್ತೆ ಗೋಡೆಗೆ ಹಾಕ್ತೀನಿ, ಪಕ್ಕದಲ್ಲಿ ಅವರದನ್ನೂ ಹಾಕ್ತೀನಿ.

ನಿಮ್ಮಮ್ಮನನ್ನ ಒಂದು ಮಾತು ಕೇಳು. ಸಿಳ್ಳೆ ಯಾವ ಕಡೆ ಹೋದ ಅಂತ ಯಾವಾಗಾದ್ರೂ ಬಾಯಿ ಜಾರಿ ಹೇಳಿದ್ರಾ? ಅರವತ್ತಾರು ಏನು ದೊಡ್ಡ ವಯಸ್ಸಲ್ಲ. ನನಗೇ ಎಪ್ಪತ್ತೆರಡು, ಇನ್ನೂ ಮೂಟೆ ಎತ್ತಿ ಇಡ್ತೀನಿ.

ಬ್ರೆಡ್ಡಕ್ಕ


5 ಅಕ್ಟೋಬರ್ 1984

ಅಕ್ಕ,

ಈ ಕಾಗದವನ್ನು ಆರು ಸಲ ಬರೆದು ಹರಿದೆ. ಇದು ಏಳನೆಯದು. ಹೇಗೆ ಬಂದರೆ ಹಾಗೆ ಕಳಿಸಿಬಿಡುತ್ತೇನೆ.

ಮೊದಲ ಕಾಗದದಲ್ಲೇ ಸುಳ್ಳು ಬರೆದಿದ್ದೆ. ಪದಕ ಅಪ್ಪನಿಗೆ ಹೇಗೆ ಬಂತೆಂದು ನನಗೆ ಗೊತ್ತಿತ್ತು. ಲಾಟೀನು ನಮ್ಮಪ್ಪನೇ. ಫೆಬ್ರವರಿಯಲ್ಲಿ, ಹಾಸಿಗೆ ಹಿಡಿದ ಮೇಲೆ, ಮೂರು ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಹೇಳಿದರು. ಕೊನೆಗೆ ಎರಡೇ ಮಾತು ಅಂದರು: "ಕೊಡು. ಹೇಳು." ನಾನು ಕೊಟ್ಟೆ. ಹೇಳಲಿಲ್ಲ.

ನಿಮ್ಮ ತಮ್ಮ ಓಡಿಹೋಗಲಿಲ್ಲ. ದಂಡು ಕಾಡುದಾರಿಯಲ್ಲಿ ಹಿಂದಕ್ಕೆ ಬರುತ್ತಿದ್ದಾಗ ಅವರ ತೊಡೆಗೆ ಗುಂಡು ಬಿತ್ತು. ಅಪ್ಪ ಆಗ ನಾಯಕ್, ಹವಾಲ್ದಾರರಿಗಿಂತ ಒಂದು ಮೆಟ್ಟಿಲು ಕೆಳಗೆ. ದಂಡಿನಿಂದ ಹಿಂದೆ ಬಿದ್ದು, ಎರಡು ದಿನ ಅವರನ್ನು ಬೆನ್ನ ಮೇಲೆ ಹೊತ್ತು ನಡೆದರು. ಭಾರ ತಾಳಲಾರದೆ ನಿಮ್ಮ ತಮ್ಮನ ಕೋವಿಯನ್ನು ದಾರಿ ಬದಿಗೆ ಎಸೆದರು. ಎಸೆದದ್ದು ಅಪ್ಪ. ಮೂರನೆಯ ಬೆಳಿಗ್ಗೆ ಒಂದು ಹೊಳೆ ಸಿಕ್ಕಿತು. ಮೇಲೆ ಹಲಗೆಯ ಸೇತುವೆ. ಮಧ್ಯಾಹ್ನಕ್ಕೆ ಅದನ್ನು ಸಿಡಿಸುತ್ತೇವೆ, ನಡೆಯಲಾಗದವರನ್ನು ಇಲ್ಲೇ ಬಿಟ್ಟು ದಾಟಿ ಎಂದು ಅಧಿಕಾರಿಯ ಆಜ್ಞೆಯಾಯಿತು. ಹೊಳೆಗಿಂತ ಸ್ವಲ್ಪ ಹಿಂದೆ ಇದ್ದಿಲು ಸುಡುವವರ ಗುಡಿಸಲು ಇತ್ತು. ಅಪ್ಪ ಅವರನ್ನು ಅಲ್ಲಿ ಇಳಿಸಿ, "ಆಚೆ ದಡದಿಂದ ಡೋಲಿ ತರ್ತೀನಿ" ಎಂದು ಹೇಳಿ ದಾಟಿದರು. ಆಚೆ ಡೋಲಿ ಇರಲಿಲ್ಲ. ವಾಪಸು ಹೋಗಲು ಬಿಡಲಿಲ್ಲ. ಕಣ್ಣೆದುರೇ ಸೇತುವೆ ಹೋಯಿತು.

ಸಂಜೆ ಹಾಜರಿ ಕರೆಯುವಾಗ ನಿಮ್ಮ ತಮ್ಮನ ಹೆಸರು ಬಂತು. "ಎಲ್ಲಿ ಅವನು?" ಎಂದು ಅಧಿಕಾರಿ ಕೇಳಿದ. ಅಪ್ಪ, "ನಿನ್ನೆಯಿಂದ ನೋಡಿಲ್ಲ, ಸಾಹೇಬ್" ಅಂದರು.

ಯಾಕೆ ಹಾಗಂದಿರಿ ಎಂದು ಕೇಳಿದೆ. "ಜೀವ ಇರೋನನ್ನ ಬಿಟ್ಟು ಬಂದೆ ಅನ್ನೋಕೆ ನಾಲಿಗೆ ಏಳಲಿಲ್ಲ. ನಾಳೆ ಸರಿಮಾಡೋಣ ಅಂದ್ಕೊಂಡೆ" ಅಂದರು. ಆ ನಾಳೆ ಬರಲಿಲ್ಲ. ದಾರಿಯಲ್ಲಿ ಕೋವಿ ಸಿಕ್ಕಿದ್ದನ್ನು ಯಾರೋ ಹೇಳಿದರು. ಎರಡು ತಿಂಗಳ ಮೇಲೆ ವಿಚಾರಣೆ ನಡೆಯಿತು. ಅಪ್ಪನನ್ನು ಕರೆದು ಕೇಳಿದರು. ಒಂದು ಸಲ ಹೇಳಿದ್ದನ್ನೇ ಮತ್ತೆ ಹೇಳಿದರು. ಓಡಿಹೋದವನು ಎಂದು ಬರೆದುಕೊಂಡರು. ಆ ವರ್ಷವೇ ಅಪ್ಪ ಹವಾಲ್ದಾರರಾದರು.

ಪದಕವನ್ನು ನಿಮ್ಮ ತಮ್ಮ ಕೋಟಿನ ಒಳಬಟ್ಟೆಗೆ ಹೊಲಿದುಕೊಂಡಿದ್ದರಂತೆ. ಗುಡಿಸಲಲ್ಲಿ ಹೊಲಿಗೆ ಕಿತ್ತು ಅಪ್ಪನ ಕೈಗಿಟ್ಟು "ಅಕ್ಕನಿಗೆ ಕೊಡು" ಅಂದರು. ಕೊಟ್ಟರೆ ಜೊತೆಗೆ ಇದ್ದದ್ದು ಬಯಲಾಗುತ್ತದೆ. ಹಾಗಾಗಿ ಅದು ಕಾಲುಚೀಲ ಸೇರಿತು.

ನಮ್ಮಪ್ಪ ನಮ್ಮನ್ನು ಯಾವತ್ತೂ ಬೆನ್ನ ಮೇಲೆ ಹೊತ್ತವರಲ್ಲ. ಚಿಕ್ಕವಳಿದ್ದಾಗ ಹಿಂದಿನಿಂದ ಹತ್ತಿ ಕುತ್ತಿಗೆ ತಬ್ಬಿಕೊಂಡರೆ, ಬೆಂಕಿ ತಾಗಿದವರ ಹಾಗೆ ಕೊಡವಿ ಇಳಿಸಿಬಿಡುತ್ತಿದ್ದರು. ಎದುರಿನಿಂದ ಎಷ್ಟು ಹೊತ್ತು ಬೇಕಾದರೂ ಎತ್ತಿಕೊಳ್ಳುತ್ತಿದ್ದರು. ಅಪ್ಪನಿಗೆ ಬೆನ್ನುನೋವು ಎಂದುಕೊಂಡೇ ಬೆಳೆದೆ.

ಪದಕ ಕಳಿಸಿಬಿಟ್ಟರೆ ಮುಗಿಯಿತು, ಅಪ್ಪನ ಹೆಸರಿಗೂ ಏಟು ಬೀಳುವುದಿಲ್ಲ ಎಂದು ನನ್ನ ಲೆಕ್ಕವಾಗಿತ್ತು. ಅಪ್ಪನ ಫೋಟೋ ಗೋಡೆಗೆ ಹಾಕುತ್ತೇನೆಂದು ನೀವು ಬರೆದಿರಿ. ಅದನ್ನು ಓದಿದ ದಿನವೇ ಈ ಕಾಗದ ಬರೆಯಲು ಕೂತೆ.

ನಿಮ್ಮಿಂದ ಏನನ್ನೂ ಬೇಡುವ ಮುಖ ನನಗಿಲ್ಲ.

ವಾಚ್ ಅಂಗಡಿಯವಳು


20 ನವೆಂಬರ್ 1984

ಅಕ್ಕ,

ಒಂದೂವರೆ ತಿಂಗಳಾಯಿತು. ಉತ್ತರ ಬರೆಯಿರಿ ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಒಂದು ವಿಷಯ ನಿಮಗೆ ತಿಳಿದಿರಬೇಕು ಅಷ್ಟೇ.

ಅಪ್ಪ ಹೇಳಿದ್ದನ್ನೆಲ್ಲ ಬರೆದು, ನೋಟರಿಯ ಮುಂದೆ ಸಹಿ ಹಾಕಿ, ದಾಖಲೆ ಕಚೇರಿಗೆ ಕಳಿಸಿದ್ದೇನೆ. ನಮ್ಮಣ್ಣ ತುಂಬಾ ಕೂಗಾಡಿದ. ಅವನು ಆ ನಾಲ್ಕು ಪದಕಗಳಿಗೆ ಗಾಜಿನ ಚೌಕಟ್ಟು ಮಾಡಿಸಲು ಕೊಟ್ಟಿದ್ದ. "ಸತ್ತ ಅಪ್ಪನ ಮುಖಕ್ಕೆ ಮಸಿ ಬಳೀತೀಯಾ? ಯಾವುದೋ ಊರಿನ ಬೇಕರಿ ಮುದುಕಿಗೋಸ್ಕರ?" ಅಂದ. ನಾನು ಏನೋ ಹೇಳಲು ಹೋದೆ, ಅಮ್ಮ ತಡೆದಳು. "ನಿಮ್ಮಪ್ಪ ಹೇಳಿದ್ದು ಮಗಳಿಗೆ, ಮಗನಿಗಲ್ಲ. ಯಾಕೆ ಅಂತ ಈಗ ಗೊತ್ತಾಯ್ತು" ಎಂದು ಹೇಳಿ, ಸಾಕ್ಷಿ ಸಹಿ ತಾನೇ ಹಾಕಿದಳು. ಅಣ್ಣ ಮನೆಗೆ ಬರುವುದನ್ನು ಬಿಟ್ಟಿದ್ದಾನೆ. ಬರುತ್ತಾನೆ, ಅವನ ಸಿಟ್ಟು ಗೊತ್ತಿದೆ ನನಗೆ.

ಚೌಕಟ್ಟಿನ ಅಂಗಡಿಯಿಂದ ಪದಕಗಳನ್ನು ವಾಪಸು ತಂದಿದ್ದೇನೆ.

ವಾಚ್ ಅಂಗಡಿಯವಳು


12 ಜನವರಿ 1985

ಅವಳಿಗೆ,

ಏನಂತ ಕರೀಬೇಕೋ ಗೊತ್ತಾಗದೆ ಹೀಗೆ ಬರೆದೆ.

ನಿನ್ನ ಅಕ್ಟೋಬರಿನ ಕಾಗದ ಓದಿದ ಮೇಲೆ ಹನ್ನೊಂದು ದಿನ ಅಂಗಡಿ ಬಾಗಿಲು ತೆಗೀಲಿಲ್ಲ. ಅಮ್ಮ ಸತ್ತಾಗಲೂ ಮೂರೇ ದಿನ ಮುಚ್ಚಿದ್ದು. ಬೀದಿಯೋರು ಬಾಗಿಲು ಬಡಿದು "ಬ್ರೆಡ್ಡಕ್ಕ, ಇದ್ದೀಯಾ?" ಅಂದ್ರು. ಇಲ್ಲ ಅಂದೆ.

ನೀನು ನನ್ನ ತಮ್ಮನ ಮರ್ಯಾದೆ ವಾಪಸು ಕೊಟ್ಟೆ, ಒಪ್ಕೋತೀನಿ. ಆದ್ರೆ ನೀನು ಏನು ಕಿತ್ಕೊಂಡೆ ಅಂತ ನಿನಗೆ ಗೊತ್ತಿಲ್ಲ. ಇಷ್ಟು ವರ್ಷ ನನ್ನ ತಮ್ಮ ಬದುಕಿದ್ದ. ಕೆಟ್ಟವನಾಗಿ ಬದುಕಿದ್ದ, ಹೇಡಿಯಾಗಿ ಬದುಕಿದ್ದ, ಆದ್ರೆ ಬದುಕಿದ್ದ. ಅವನಿಗೆ ನಾನು ಒಂದು ಊರು ಕೊಟ್ಟಿದ್ದೆ. ಹೆಂಡತಿ ಕೊಟ್ಟಿದ್ದೆ. ಎರಡು ಮಕ್ಕಳು. ದೊಡ್ಡವಳು ಹೆಣ್ಣು. ಅಕ್ಕನಿಗೆ ಒಂದು ಕಾಗದ ಬರಿ ಅಂತ ಗಂಡನಿಗೆ ಹೇಳೋಲ್ವಲ್ಲ ಅಂತ ಆ ಹೆಂಡತಿ ಮೇಲೆ ನನಗೆ ಎಷ್ಟು ಸಿಟ್ಟಿತ್ತು ಗೊತ್ತಾ? ಇಲ್ಲದೇ ಇರೋ ಹೆಂಗಸಿನ ಜೊತೆ ನಲವತ್ತು ವರ್ಷ ಜಗಳ ಆಡಿದ್ದೀನಿ. ನಿನ್ನ ಒಂದು ಕಾಗದಕ್ಕೆ ಅವನು, ಹೆಂಡತಿ, ಮಕ್ಕಳು, ನಾಲ್ಕು ಜನ ಒಟ್ಟಿಗೆ ಹೋದ್ರು.

ನಿಮ್ಮಪ್ಪ ಒಂದು ಕಾರ್ಡು ಬರೀಬಹುದಿತ್ತು. ಹೆಸರು ಹಾಕದೆ ಬರೀಬಹುದಿತ್ತು. ನಮ್ಮಮ್ಮ ಬದುಕಿದ್ದಾಗ ಬರೀಬಹುದಿತ್ತು. ಅದನ್ನ ನಾನು ಮರೆಯೋಲ್ಲ, ನೀನು ಮರೆತುಬಿಡಿ ಅಂತ ಕೇಳಲೂ ಬೇಡ.

ನನಗೆ ಮೂರು ವಿಷಯ ಗೊತ್ತಾಗ್ಬೇಕು. ಸುಳ್ಳು ಬರೆದ್ರೆ ನನಗೆ ತಿಳಿಯುತ್ತೆ, ನಿನ್ನ ಸುಳ್ಳಿನ ಧಾಟಿ ಈಗ ಗೊತ್ತಾಗಿದೆ. ಕುಡಿಯೋಕೆ ನೀರಿತ್ತಾ? ಒಬ್ಬನೇ ಇದ್ದನಾ? ಡೋಲಿ ಬರುತ್ತೆ ಅಂತ ನಂಬಿದ್ದನಾ?

ನಿಮ್ಮಪ್ಪನ ಫೋಟೋನೂ ಕಳಿಸು. ಗೋಡೆಗೆ ಹಾಕೋಕಲ್ಲ. ಬಯ್ಯೋಕೆ ಒಂದು ಮುಖ ಬೇಕು.

ಬೇಕರಿಯವಳು


21 ಜನವರಿ 1985

ಅಕ್ಕ,

ಕೇಳಿದ್ದಕ್ಕೆ, ಅಪ್ಪ ಹೇಳಿದ ಮಾತಿನಲ್ಲೇ.

ನೀರಿತ್ತು. ಅಪ್ಪ ತಮ್ಮ ನೀರಿನ ಬಾಟಲಿಯನ್ನು ತುಂಬಿಸಿ ಅವರ ಪಕ್ಕದಲ್ಲಿ ಇಟ್ಟು ಬಂದರು. ಅವತ್ತು ತಾವು ಸಂಜೆಯವರೆಗೆ ನೀರು ಕುಡಿಯಲಿಲ್ಲವಂತೆ. ಕಾಲ ಬುಡದಲ್ಲೇ ಹೊಳೆ ಹರಿಯುತ್ತಿತ್ತು, ಆದರೂ ಕುಡಿಯಲಿಲ್ಲ.

ಒಬ್ಬರೇ ಇರಲಿಲ್ಲ. ಗುಡಿಸಲಲ್ಲಿ ಇದ್ದಿಲು ಸುಡುವವರ ಮನೆಯ ಮುದುಕಿಯೊಬ್ಬಳಿದ್ದಳು. ಮಿಕ್ಕವರು ಓಡಿದ್ದರು, ಅವಳಿಗೆ ಕಾಲು ಬರುತ್ತಿರಲಿಲ್ಲ. ಭಾಷೆ ಬೇರೆ. ನಿಮ್ಮ ತಮ್ಮನ ತಲೆಯ ಕೆಳಗೆ ತನ್ನ ಹೊದಿಕೆ ಮಡಿಸಿ ಇಟ್ಟಳು. "ಲಾಟೀನು, ನಿನ್ನ ಬೆನ್ನು ಬರೀ ಮೂಳೆ ಕಣೋ, ನನಗೆ ಇಲ್ಲೇ ಸುಖವಾಗಿದೆ" ಅಂದರಂತೆ ನಿಮ್ಮ ತಮ್ಮ.

ಮೂರನೆಯದನ್ನು ನಾನೂ ಅಪ್ಪನಿಗೆ ಕೇಳಿದ್ದೆ. "ನಂಬಿರಲಿಲ್ಲ. ನಂಬಿದ್ರೆ ಪದಕ ಯಾಕೆ ಕೊಡ್ತಿದ್ದ?" ಅಂದರು. "ನಾನು ನಂಬಿದ್ದೀನಿ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಸುಮ್ಮನಿದ್ದ" ಅಂದರು.

ಇನ್ನೊಂದಿದೆ. ನೀವು ಕೇಳಲಿಲ್ಲ, ಆದರೆ ಇನ್ನು ಮುಚ್ಚಿಡುವುದಿಲ್ಲ. ಯುದ್ಧ ಮುಗಿದ ಮರುವರ್ಷ, ಊರಿಗೆ ಹೋಗುತ್ತೇನೆಂದು ರಜೆ ಪಡೆದು ಅಪ್ಪ ಅಲ್ಲಿಗೆ ಹೋದರು. ಗುಡಿಸಲು ಇರಲಿಲ್ಲ. ಬಿದಿರು ಬೆಳೆದಿತ್ತು. ದನ ಮೇಯಿಸುವವನೊಬ್ಬ ಜಾಗ ತೋರಿಸಿದ. ಸೇತುವೆ ಹೋದ ಮಾರನೆಯ ದಿನ ಒಬ್ಬ ಸಿಪಾಯಿ ಸತ್ತನೆಂದೂ, ಮುದುಕಿ ಹೇಳಿಕೊಟ್ಟಂತೆ ತಾನೂ ತನ್ನ ಅಪ್ಪನೂ ಹೂತೆವೆಂದೂ ಹೇಳಿದ. ತಲೆಯ ಕಡೆ ಚಪ್ಪಟೆ ಕಲ್ಲೊಂದಿತ್ತು. ಅಪ್ಪ ಒಂದು ಹಗಲು ಅಲ್ಲಿ ಕೂತಿದ್ದು ಬಂದರು. ಆ ಬಿದಿರಿನ ಬಾಚಣಿಗೆ ದನ ಮೇಯಿಸುವವನು ಕೊಟ್ಟದ್ದು. ವಾಪಸು ಬಂದು ಹೇಳಬಹುದಿತ್ತು ಎಂದು ನೀವು ಅನ್ನುತ್ತೀರಿ. ನಾನೂ ಅಂದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ಫೋಟೋ ಇಟ್ಟಿದ್ದೇನೆ. ಸಮವಸ್ತ್ರದ್ದು ಬೇಡವೆನಿಸಿತು. ಇದು ಮನೆಯ ಅಂಗಳದಲ್ಲಿ ತೆಗೆದದ್ದು, ಬನಿಯನ್ನಿನಲ್ಲಿದ್ದಾರೆ. ಬೈಯಿರಿ.

ವಾಚ್ ಅಂಗಡಿಯವಳು


9 ಮೇ 1985

ಅಕ್ಕ,

ದಾಖಲೆ ಕಚೇರಿಯವರು ನಮ್ಮ ಮನೆಗೇ ಬಂದಿದ್ದರು, ಇಬ್ಬರು. ಅಮ್ಮನನ್ನೂ ನನ್ನನ್ನೂ ಬೇರೆ ಬೇರೆ ಕೂರಿಸಿ ಕೇಳಿದರು. ಅವತ್ತು ಆಜ್ಞೆ ಕೊಟ್ಟ ಅಧಿಕಾರಿಯ ಹಳೇ ದಿನಚರಿಯಲ್ಲಿ ನಡೆಯಲಾಗದವರನ್ನು ಬಿಟ್ಟ ವಿಷಯ ಇತ್ತಂತೆ, ಹೆಸರುಗಳು ಮಾತ್ರ ಇರಲಿಲ್ಲ. ಇವತ್ತು ಅವರ ಕಾಗದ ಬಂತು. ನಿಮಗೂ ಒಂದು ಪ್ರತಿ ಕಳಿಸಿರುತ್ತಾರೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ನೀವೇ ಒಡೆದು ಓದಬೇಕು.

ಅಪ್ಪ ತೀರಿಹೋಗಿರುವುದರಿಂದ ಅವರ ಮೇಲೆ ಕ್ರಮವಿಲ್ಲ, ಪದಕಗಳು ಮನೆಯಲ್ಲೇ ಇರಲಿ ಎಂದಿದ್ದಾರೆ. ವಿಚಾರಣೆಯಲ್ಲಿ ಸುಳ್ಳು ಹೇಳಿದರೆಂದು ಅವರ ಪುಟದಲ್ಲೂ ಒಂದು ಸಾಲು ಸೇರಿಸಿದ್ದಾರೆ. ಅಣ್ಣ ಬಂದು ಅದನ್ನು ಓದಿದ. ಕಾಗದ ತಿರುಗಿಸಿ ಹಿಂದೆಯೂ ನೋಡಿ, "ಎರಡು ದಿನ ಹೊತ್ತಿದ್ದು ಅದರಲ್ಲಿ ಬರೆದೇ ಇಲ್ಲವಲ್ಲೇ" ಅಂದ.

ನಿಮ್ಮ ಕಾಗದ ಬಾರದೆ ನಾಲ್ಕು ತಿಂಗಳಾಗುತ್ತ ಬಂತು. ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ವಾಚ್ ಅಂಗಡಿಯವಳು


2 ಜೂನ್ 1985

ಮಗಳೇ,

ಸರ್ಕಾರದ ಕಾಗದ ಬಂತು. 'ಕರ್ತವ್ಯದಲ್ಲಿದ್ದಾಗ ಗಾಯಗೊಂಡು ಮರಣ' ಅಂತ ಬರೆದಿದ್ದಾರೆ. ಬೆಳಿಗ್ಗೆ ಬ್ರೆಡ್ಡಿಗೆ ಸಾಲು ನಿಂತೋರಿಗೆಲ್ಲ ಗಟ್ಟಿಯಾಗಿ ಓದಿದೆ. ಕೆಲವರಿಗೆ ನನಗೆ ತಮ್ಮ ಇದ್ದದ್ದೇ ಗೊತ್ತಿರಲಿಲ್ಲ. ಒಬ್ಬ ಹಳೇ ಮೇಷ್ಟ್ರು, ಚಿಕ್ಕವರಾಗಿದ್ದಾಗ ಆ ಪದಕ ಎದೆಗೆ ಸಿಕ್ಕಿಸ್ಕೊಂಡಿದ್ದೋರು, ಬ್ರೆಡ್ಡು ತಗೊಳ್ಳೋದು ಮರೆತು ಹೊರಟುಹೋದ್ರು. ಆಮೇಲೆ ನಾನೇ ಮನೆಗೆ ಕಳಿಸಿದೆ.

ನಿಮ್ಮಪ್ಪನ ಫೋಟೋ ಹಿಟ್ಟಿನ ಡಬ್ಬದ ಮೇಲೆ ಇಟ್ಕೊಂಡು ಚೆನ್ನಾಗಿ ಬೈದೆ. ನನ್ನ ಬಾಯಲ್ಲಿ ಅಂಥಾ ಮಾತು ಇದ್ದಾವೆ ಅಂತ ನನಗೇ ಗೊತ್ತಿರಲಿಲ್ಲ. ಫೆಬ್ರವರಿ ಪೂರ್ತಿ ಬೈದೆ, ಮಾರ್ಚಲ್ಲೂ ಬೈದೆ. ಏಪ್ರಿಲ್ಲಲ್ಲಿ ಒಂದು ದಿನ ಬಯ್ಯೋಕೆ ಅಂತ ನೋಡ್ದಾಗ, ಆ ಬನಿಯನ್ನಿನಿಂದ ಆಚೆ ಬಂದಿರೋ ಭುಜದ ಮೂಳೆ ಕಣ್ಣಿಗೆ ಬಿತ್ತು. ಎಷ್ಟು ಸಣ್ಣ ಭುಜ ಮಗಳೇ! ನನ್ನ ತಮ್ಮ ಒಳ್ಳೇ ದಪ್ಪ ಆಸಾಮಿ. ಬೆಣ್ಣೆ ಬನ್ನು ತಿಂದು ಬೆಳೆದೋನು. ಇದೇ ಭುಜದ ಮೇಲೆ ಅವನನ್ನ ಎರಡು ದಿನ ಹೇಗೆ ಹೊತ್ತರು ಅಂತ ಯೋಚನೆ ಮಾಡ್ತಾ ನಿಂತೆ. ಅವತ್ತು ಬಯ್ಯೋಕೆ ಆಗಲಿಲ್ಲ. ಅದಕ್ಕೇ ಇಷ್ಟು ದಿನ ಕಾಗದಾನೂ ಬರೀಲಿಲ್ಲ.

ಬಿಟ್ಟು ಬಂದದ್ದು ನನಗೆ ಬಾಯಿಪಾಠ ಆಗಿದೆ. ಹೊಳೆ, ಸೇತುವೆ, ಗುಡಿಸಲು, ಎಲ್ಲ ಕಣ್ಣು ಮುಚ್ಚಿದ್ರೂ ಕಾಣುತ್ತೆ. ಹೊತ್ತದ್ದು ಮಾತ್ರ ನೀನು ಒಂದೇ ಸಾಲಲ್ಲಿ ಬರೆದು ಮುಗಿಸಿದ್ದೀಯ. ಎರಡು ಹಗಲು ಒಂದೇ ಸಾಲಾ? ಏನು ತಿಂದ್ರು, ಎಲ್ಲಿ ಕೂತ್ರು, ಇಬ್ಬರೂ ಏನೇನು ಮಾತಾಡಿದ್ರು, ನನ್ನ ಮಾತು ಬಂತಾ, ಎಲ್ಲ ನನಗೆ ಬೇಕು. ಕಾಗದದಲ್ಲಿ ಬೇಡ. ನೀನು ಬಾ. ಎದುರಿಗೆ ಕೂತು ಹೇಳು.

ಗುರುವಾರ ಬಾ, ಅವತ್ತು ಗಿರಾಕಿಗಳು ಕಡಿಮೆ. ಬಸ್ ನಿಲ್ದಾಣದಲ್ಲಿ ಬ್ರೆಡ್ಡಕ್ಕನ ಅಂಗಡಿ ಅಂದ್ರೆ ಯಾರು ಬೇಕಾದ್ರೂ ತೋರಿಸ್ತಾರೆ. ಹನ್ನೊಂದಕ್ಕೆ ಎರಡನೇ ಭಟ್ಟಿ ಇಳಿಯುತ್ತೆ, ಆಮೇಲೆ ನನಗೆ ಬಿಡುವು. ನಿಮ್ಮಮ್ಮನಿಗೆ ಪ್ರಯಾಣ ಆಗುತ್ತೆ ಅಂದ್ರೆ ಅವರನ್ನೂ ಕರ್ಕೊಂಡು ಬಾ.

ನಿನ್ನ
ಬ್ರೆಡ್ಡಕ್ಕ